ನೋಡಲು ಗುಜರಿ, ಒಳಗೆ 72 ಸಿಸಿ: ಹಳೇ ಹಸ್ಕ್‌ವರ್ನಾ 61ಕ್ಕೆ ದೊಡ್ಡ ಬೋರ್ ಕೂರಿಸಿದರೆ ಹೇಗೆ?

ಬೆಟ್ಟದಂಚಿನವ, ಶಿರಸಿ:

ಮೊದಲು ಮಷಿನ್ ಯಾವ ಸ್ಥಿತಿಯಲ್ಲಿದೆ ಹೇಳಿಬಿಡುತ್ತೇನೆ. ಬೈಯುವವರು ಆಮೇಲೆ ಬೈಯಬಹುದು.

ಹಸ್ಕ್‌ವರ್ನಾ 61 ಚೈನ್ ಸಾ. ನಾನು ಹೈಸ್ಕೂಲಿಗೆ ಹೋಗುವಾಗ ಚಿಕ್ಕಪ್ಪ ಹುಬ್ಬಳ್ಳಿಯಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಕಿತ್ತಳೆ ಬಣ್ಣ ಎಂದು ಮೊದಲೇ ಗೊತ್ತಿದ್ದವರಿಗೆ ಮಾತ್ರ ಕಿತ್ತಳೆ ಕಾಣುತ್ತದೆ. ಮೇಲಿನ ಕವರ್ ಸೀಳಿದೆ. ಚಿಕ್ಕಪ್ಪ ಅದನ್ನು ಹೊಲಿದಿದ್ದಾನೆ. ಮಾತಿಗೆ ಹೇಳುತ್ತಿಲ್ಲ, ಕಾಯಿಸಿದ ಮೊಳೆಯಲ್ಲಿ ತೂತು ಮಾಡಿ ಬೇಲಿ ತಂತಿಯಲ್ಲಿ ಅಡ್ಡಡ್ಡ ಹೊಲಿದದ್ದು. ಮುಂದಿನ ಹಿಡಿಕೆಗೆ ಸೈಕಲ್ ಟ್ಯೂಬ್ ಸುತ್ತಿದೆ. ಎಳೆಯುವ ಹಗ್ಗದ ತುದಿಗೆ ಕಂಪನಿ ಹಿಡಿ ಹೋಗಿ ಬೈನೆ ಮರದ ಗೂಟ ಬಂದಿದೆ. ಆಯಿ ಇದಕ್ಕೆ 'ಕೆಮ್ಮುವ ಎಮ್ಮೆ' ಎಂದು ಹೆಸರಿಟ್ಟು ಎಷ್ಟೋ ವರ್ಷವಾಯಿತು.

ಆರು ವರ್ಷದ ಹಿಂದೆ ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ನಾನೇ ಇದನ್ನು ಕೊಂದೆ. ಟೂ-ಟಿ ಆಯಿಲ್ ಬೆರೆಸಿದ ಕ್ಯಾನೂ ಬಿಳಿ, ಬೈಕಿಗೆಂದು ಇಟ್ಟ ಬರೀ ಪೆಟ್ರೋಲ್ ಕ್ಯಾನೂ ಬಿಳಿ. ಈ ಮಷಿನ್ನಿಗೆ ಆಯಿಲ್ ಬೆರೆಸಿದ್ದೇ ಬೇಕು, ನಾನು ಬರೀ ಪೆಟ್ರೋಲ್ ಸುರಿದೆ. ಹತ್ತು ನಿಮಿಷ ಓಡಿತು. ಕೊನೆಯ ಒಂದು ನಿಮಿಷ ಯಾವತ್ತೂ ಇಲ್ಲದಷ್ಟು ಜೋರಾಗಿ ಓಡಿತು, ನಾನು ಖುಷಿಪಟ್ಟೆ. ಆಮೇಲೆ ಕಿರ್ ಎಂದು ನಿಂತಿತು. ಅಂದು ಕೊಟ್ಟಿಗೆ ಅಟ್ಟಕ್ಕೆ, ದಬ್ಬೆ ರಾಶಿಯ ಹಿಂದೆ ಹೋದದ್ದು ಈ ಜುಲೈವರೆಗೂ ಅಲ್ಲೇ ಇತ್ತು.

ಜುಲೈ ಗಾಳಿಗೆ ಅಂಗಳದ ಕೆಳಗಿನ ಹಲಸಿನ ಮರ ಬುಡಸಮೇತ ಬಿತ್ತು. ಸುತ್ತಳತೆ ಏಳು ಅಡಿ. ಒಳ್ಳೇ ಹಳದಿ ತಿರುಳು ಇದೆ, ಎರಡು ಜೊತೆ ಬಾಗಿಲಿಗೆ ಸಾಕು. ಮಷಿನ್ ಇರುವ ಆಳು 'ನಾಳೆ ಬತ್ತೆ' ಎಂದು ಹೇಳಲು ಶುರುಮಾಡಿ ಒಂದು ತಿಂಗಳಾಯಿತು. ಹಾಗಾಗಿ ಎಮ್ಮೆಯನ್ನು ಅಟ್ಟದಿಂದ ಇಳಿಸಿದೆ.

ಬಿಚ್ಚಿ ನೋಡಿದೆ. ಪಿಸ್ಟನ್ನಿನ ಎಕ್ಸಾಸ್ಟ್ ಕಡೆ ಬೆಕ್ಕು ಪರಚಿದ ಹಾಗಿದೆ, ರಿಂಗ್ ಒಳಗೇ ಒತ್ತಿಹೋಗಿದೆ. ಸಿಲಿಂಡರ್ ಗೋಡೆಗೆ ಅಲ್ಯೂಮಿನಿಯಂ ಮೆತ್ತಿದೆ. ಪೆಟ್ರೋಲ್ ಪೈಪನ್ನು ಇಲಿ ತಿಂದಿದೆ. ಕನೆಕ್ಟಿಂಗ್ ರಾಡ್ ಮಾತ್ರ ಮೇಲೆ ಕೆಳಗೆ ಅಲ್ಲಾಡಿಸಿದರೆ ಸಪ್ಪಳವಿಲ್ಲ.

ಈಗ ಪ್ರಶ್ನೆ. 61ರ ಬೋರ್ (ಸಿಲಿಂಡರಿನ ಒಳ ಅಗಲ) 48 ಮಿಮೀ, ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 34. ಅದರ ಅಣ್ಣ 272ರದ್ದು ಬೋರ್ 52, ಸ್ಟ್ರೋಕ್ ಅದೇ 34. ಕೆಳಗಿನ ಕ್ರ್ಯಾಂಕ್‌ಕೇಸ್ ಎರಡಕ್ಕೂ ಹೊಂದುತ್ತದೆ ಎಂದು ಓದಿದ್ದೇನೆ. ಅಂದರೆ 272ರ ಸಿಲಿಂಡರ್, ಪಿಸ್ಟನ್ ಕಿಟ್ ತಂದು ಕೂರಿಸಿದರೆ 61.5 ಸಿಸಿ ಹೋಗಿ 72.2 ಸಿಸಿ ಆಗುತ್ತದೆ, ಅಲ್ವಾ? ಯಾರಾದರೂ ಮಾಡಿದ್ದೀರಾ? ಹಳೇ ಬೇರಿಂಗ್ ತಡೆಯುತ್ತದಾ? ಕಾರ್ಬೊರೇಟರ್ ಬದಲಿಸಬೇಕಾ?

ಇನ್ನೊಂದು ಮಾತು. ಹೊರಗಡೆ ಏನೂ ಮುಟ್ಟುವುದಿಲ್ಲ. ಬಣ್ಣ ಹೊಡೆಯುವುದಿಲ್ಲ, ಕವರ್ ಬದಲಿಸುವುದಿಲ್ಲ. ನಮ್ಮ ಕೇರಿಯಲ್ಲಿ ಹೊಳೆಯುವ ಮಷಿನ್ ಇಟ್ಟುಕೊಂಡರೆ ಅದು ನಿಮ್ಮ ಮನೆಯಲ್ಲಿ ಇರುವುದಿಲ್ಲ. ಇಂದು ಒಬ್ಬ, ನಾಳೆ ಇನ್ನೊಬ್ಬ, ವಾಪಸ್ ಬರುವಾಗ ಚೈನ್ ಕಲ್ಲು ಕಡಿದಿರುತ್ತದೆ. ಈ ರೂಪದಲ್ಲೇ ಇದ್ದರೆ ಯಾರೂ ಕೇಳುವುದಿಲ್ಲ.


ಕಲ್ಲಡಿಕೆ, ಸಿದ್ದಾಪುರ:

ಭಾವಾ, ಸುಮ್ನೆ ಯಾಕೆ ಈ ಕಷ್ಟ? ಈಗ 58 ಸಿಸಿಯ ಅಗ್ಗದ ಮಷಿನ್ ಎಲ್ಲ ಕಡೆ ಸಿಗುತ್ತದೆ. ತಗೊಂಡು ಹಲಸು ಕೊಯ್ದು ಮುಗಿಸು. ಎಮ್ಮೆಯನ್ನು ಗುಜರಿಗೆ ಹಾಕು.


ಬೆಟ್ಟದಂಚಿನವ, ಶಿರಸಿ:

ಅದನ್ನೂ ನೋಡಿದ್ದೇನೆ ಭಾವಾ, ನೆಂಟರ ಮನೆಯಲ್ಲಿದೆ. ಅಕೇಶಿಯಾ ಟೊಂಗೆಗೆ, ಕಟ್ಟಿಗೆಗೆ ಏನೂ ತೊಂದರೆಯಿಲ್ಲ. ಆದರೆ 24 ಇಂಚಿನ ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ) ಪೂರ್ತಿ ಹಲಸಿನೊಳಗೆ ಹೂತಾಗ ಅದಕ್ಕೆ ಉಸಿರು ಸಾಲುವುದಿಲ್ಲ. ಗುಜರಿಗೆ ಹಾಕಿದರೆ ಚಿಕ್ಕಪ್ಪನಿಗೆ ಏನು ಹೇಳಲಿ? ಅವನ ಹೊಲಿಗೆ ಅದು.


ಬಂದರು ಮೆಕ್ಯಾನಿಕ್, ಕಾರವಾರ:

ತಮಾ, ನಾನು ಬೈತಖೋಲದಲ್ಲಿ ದೋಣಿಯ ಔಟ್‌ಬೋರ್ಡ್ ಎಂಜಿನ್ ಬಿಚ್ಚಿ ಜೋಡಿಸುವವನು. ಟೂ-ಸ್ಟ್ರೋಕ್ ಎಂದರೆ ಸಮುದ್ರದಲ್ಲಾದರೂ ಬೆಟ್ಟದಲ್ಲಾದರೂ ಜಾತಿ ಒಂದೇ. ನಿನ್ನ ಲೆಕ್ಕ ಸರಿ ಇದೆ, 61ರ ಮೇಲೆ 272ರ ಸಿಲಿಂಡರ್ ಕೂರುತ್ತದೆ. ಎರಡು ಮಷಿನ್ ಹೀಗೆ ಮಾಡಿಕೊಟ್ಟಿದ್ದೇನೆ. ಒಂದು ಇವತ್ತಿಗೂ ಓಡುತ್ತಿದೆ. ಇನ್ನೊಂದು ಮೂರನೇ ದಿನ ಸೀಜ್ ಆಯಿತು, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ನಿಂತಿತು. ಸೀಜ್ ಆದದ್ದರ ಕಥೆಯೇ ನಿನಗೆ ಉಪಯೋಗ.

ಅದರಲ್ಲಿ ನಾನು ಸಿಲಿಂಡರ್ ಹೊಸದು ಹಾಕಿದೆ, ಕ್ರ್ಯಾಂಕಿನ ಆಯಿಲ್ ಸೀಲ್ ಹಳೆಯದೇ ಬಿಟ್ಟೆ. ನೋಡಲು ಚೆನ್ನಾಗಿತ್ತು. ಆದರೆ ಇಪ್ಪತ್ತು ವರ್ಷದ ರಬ್ಬರ್ ಗಟ್ಟಿಯಾಗಿ ಸಂದಿ ಬಿಟ್ಟಿತ್ತು. ಆ ಸಂದಿಯಿಂದ ಗಾಳಿ ಒಳಗೆ ಬಂತು. ಗಾಳಿ ಜಾಸ್ತಿಯಾದರೆ ಪೆಟ್ರೋಲ್ ಕಡಿಮೆ, ಪೆಟ್ರೋಲ್ ಜೊತೆಗೇ ಬರಬೇಕಾದ ಆಯಿಲ್ಲೂ ಕಡಿಮೆ. ನಿನ್ನ ಮಷಿನ್ ಸಾಯುವ ಮುಂಚೆ ಜೋರಾಗಿ ಓಡಿತು ಎಂದೆಯಲ್ಲ, ಸೀಲ್ ಸೋರಿದರೂ ಅದೇ ಆಟ. ಹಾಗಾಗಿ ಎರಡೂ ಕಡೆ ಸೀಲ್ ಹೊಸದು ಹಾಕು. ಕೇಸ್ ಬಿಚ್ಚಿದ ಮೇಲೆ ಬೇರಿಂಗ್ ಹಳೆಯದು ಯಾಕೆ? ಹಳೆಯದರ ಮೇಲೆ ಕೆತ್ತಿದ ನಂಬರ್ ನೋಡಿ ಅದೇ ನಂಬರಿನ ಒಳ್ಳೇ ಬೇರಿಂಗ್ ತಗೋ, ಸಿ3 ಎಂದು ಬರೆದಿರುವುದನ್ನೇ ಕೇಳು. ಬಿಸಿಗೆ ಹಿಗ್ಗಲು ಅದರಲ್ಲಿ ಸ್ವಲ್ಪ ಜಾಗ ಜಾಸ್ತಿ ಇರುತ್ತದೆ.

ಬೇರಿಂಗ್ ಹೊಡೆದು ಕೂರಿಸಬೇಡ. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರಾತ್ರಿ ಫ್ರೀಜರಿನಲ್ಲಿಡು. ಬೆಳಿಗ್ಗೆ ಬಚ್ಚಲ ಒಲೆಯ ಮೇಲೆ ದಪ್ಪ ತಗಡು ಇಟ್ಟು, ಅದರ ಮೇಲೆ ಕೇಸ್ ಕಾಯಿಸು. ನೀರಿನ ಹನಿ ಹಾಕಿದರೆ ಕುಣಿದು ಹಾರಬೇಕು, ಅಷ್ಟು ಬಿಸಿ ಸಾಕು. ಆಗ ಬೇರಿಂಗ್ ತಾನೇ ಜಾರಿ ಕೂರುತ್ತದೆ. ಟಕ್ ಎಂಬ ಸಪ್ಪಳ ಬರುತ್ತದೆ, ಕೇಳಲು ಹಿತ.

ಕ್ಲಚ್ ಬಿಚ್ಚುವಾಗ ಉಲ್ಟಾ ಥ್ರೆಡ್ ಎಂದು ನೆನಪಿಡು. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಪಿಸ್ಟನ್ ತಡೆಯಲು ಪ್ಲಗ್ ತೂತಿನಿಂದ ಹಗ್ಗ ತುರುಕು, ಸ್ಕ್ರೂಡ್ರೈವರ್ ತುರುಕಬೇಡ.

ಅಗ್ಗದ ಸಿಲಿಂಡರ್ ಬಂದರೆ ಒಳಗಿನ ಪೋರ್ಟುಗಳ (ಗಾಳಿ, ಹೊಗೆ ಓಡಾಡುವ ಕಿಂಡಿಗಳ) ಅಂಚನ್ನು ಉಗುರಿನಿಂದ ತಡವು. ಉಗುರು ಸಿಕ್ಕಿಕೊಂಡರೆ ರಿಂಗೂ ಸಿಕ್ಕಿಕೊಳ್ಳುತ್ತದೆ. ಸಣ್ಣ ಎಮರಿ ಕಾಗದದಲ್ಲಿ ಅಂಚು ಮುರಿ, ಗೋಡೆಗೆ ತಾಗಿಸಬೇಡ. ಪಿಸ್ಟನ್ ಮೇಲಿನ ಬಾಣ ಎಕ್ಸಾಸ್ಟ್ ಕಡೆಗೆ. ಪಿಸ್ಟನ್ನನ್ನು ರಾಡಿಗೆ ಸೇರಿಸುವ ಗಜನ್ ಪಿನ್ನಿನ ಲಾಕ್ ಕಿಟ್‌ನಲ್ಲಿ ಬಂದದ್ದು ತೆಳ್ಳಗಿದ್ದರೆ ಬಿಸಾಡಿ ಬೇರೆ ಹಾಕು. ಲಾಕಿನ ಬಾಯಿ ಮೇಲಕ್ಕೆ ಇಲ್ಲವೇ ಕೆಳಕ್ಕೆ ಇರಲಿ. ಪಕ್ಕಕ್ಕಿದ್ದರೆ ಅದು ಹಾರಿ ಹೊರಬೀಳಲು ಸುಲಭ.

ಎಲ್ಲ ಜೋಡಿಸಿದ ಮೇಲೆ ಗಾಳಿ ಪರೀಕ್ಷೆ. ಇದನ್ನು ಬಿಡಬೇಡ. ಎಕ್ಸಾಸ್ಟಿಗೂ ಕಾರ್ಬೊರೇಟರ್ ಕಡೆಗೂ ಟ್ಯೂಬಿನ ರಬ್ಬರ್ ಕತ್ತರಿಸಿ ಇಟ್ಟು ಬಿಗಿಮಾಡು. ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು ಆ ಟೊಳ್ಳಿಗೆ ನಳಿಗೆ ಅಂಟಿಸು. ಅದಕ್ಕೆ ಮನೆಯಲ್ಲಿರುವ ಹಳೇ ಬಿಪಿ ಮಷಿನ್ನಿನ ಒತ್ತುವ ಉಂಡೆ ಮತ್ತು ಗೇಜ್ ಸಿಕ್ಕಿಸು. ಪಿಸ್ಟನ್ ಕೆಳಗಿರಲಿ. ಮುಳ್ಳು 250ಕ್ಕೆ ಏರಿಸಿ ಒಂದು ನಿಮಿಷ ನೋಡು. ಇಳಿದರೆ ಸೋಪಿನ ನೊರೆ ಹಚ್ಚಿ ಗುಳ್ಳೆ ಎಲ್ಲಿ ಬರುತ್ತದೆ ಹುಡುಕು.

ಕಾರ್ಬೊರೇಟರ್ ಹಳೆಯದರಲ್ಲೇ ಶುರುಮಾಡು, ಆದರೆ ಒಳಗಿನ ಡಯಾಫ್ರಂ ಕಿಟ್ ಹೊಸದಿರಲಿ. ಎಚ್ ಸ್ಕ್ರೂ, ಅಂದರೆ ಜೋರು ಓಟಕ್ಕೆ ಪೆಟ್ರೋಲ್ ಹೊಂದಿಸುವ ಸ್ಕ್ರೂ, ಮೊದಲಿಗಿಂತ ಜಾಸ್ತಿ ತೆರೆಯಬೇಕಾಗುತ್ತದೆ.


ಬೆಟ್ಟದಂಚಿನವ, ಶಿರಸಿ:

ಮೆಕ್ಯಾನಿಕ್ಕಣ್ಣ, ನಿಮಗೆ ಒಂದು ಕೊನೆ ಅಡಿಕೆ ಕಳಿಸಬೇಕು. ಅಪ್ಪಯ್ಯನ ಬಿಪಿ ಮಷಿನ್ ಮುಳ್ಳಿನದ್ದೇ. ಕೇಳಿದರೆ ಅವನ ಬಿಪಿ ಏರುತ್ತದೆ, ಹಾಗಾಗಿ ಅವನು ಸೊಸೈಟಿಗೆ ಹೋದಾಗ ತಗೊಳ್ಳುತ್ತೇನೆ.

ಇನ್ನೊಂದು ಕೇಳಬೇಕಿತ್ತು. ಸೈಲೆನ್ಸರಿನ ಬಾಯಿ ತೀರಾ ಸಣ್ಣದು. ಅದನ್ನು ದೊಡ್ಡ ಮಾಡಿದರೆ?


ಬಂದರು ಮೆಕ್ಯಾನಿಕ್, ಕಾರವಾರ:

ಮಾಡು, ಸ್ವಲ್ಪ. ಹೊಗೆ ಸಲೀಸಾಗಿ ಹೋದರೆ ಶಕ್ತಿ ಬರುತ್ತದೆ, ಮಷಿನ್ ತಂಪಾಗಿಯೂ ಇರುತ್ತದೆ. ಆದರೆ ಬಾಯಿ ತೆರೆದ ಮೇಲೆ ಎಚ್ ಸ್ಕ್ರೂ ಮತ್ತೆ ಹೊಂದಿಸಬೇಕು. ಕಿಡಿ ತಡೆಯುವ ಜಾಲರಿ ಕಿತ್ತೆಸೆಯಬೇಡ. ಮಾರ್ಚ್ ಏಪ್ರಿಲ್‌ನಲ್ಲಿ ನಿಮ್ಮ ಬೆಟ್ಟದ ದರಕು (ಉದುರಿದ ಒಣ ಎಲೆ) ಹೇಗಿರುತ್ತದೆ ಎಂದು ನಾನು ಹೇಳಬೇಕಾಗಿಲ್ಲ.


ತೋಟದಮನೆ, ಯಲ್ಲಾಪುರ:

ನಾನು ಮಹಿಳೆ, ಹತ್ತು ವರ್ಷದಿಂದ ಚೈನ್ ಸಾ ಹಿಡಿಯುತ್ತಿದ್ದೇನೆ. ಇಲ್ಲಿ ಎಲ್ಲರೂ ಸಿಲಿಂಡರ್ ಹಿಂದೆ ಬಿದ್ದಿದ್ದೀರಿ, ಪೆಟ್ರೋಲ್ ಬಗ್ಗೆ ಯಾರೂ ಹೇಳಲಿಲ್ಲ.

ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್ ಹಳೇ ರಬ್ಬರನ್ನು ಕೆಡಿಸುತ್ತದೆ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ಉಪ್ಪೇ ನೀರಾಗುತ್ತದೆ, ಇನ್ನು ಅರ್ಧ ಟ್ಯಾಂಕ್ ಪೆಟ್ರೋಲ್ ಕೇಳುವುದೇ ಬೇಡ. ನನ್ನ ಮಷಿನ್ನಿನ ಕಾರ್ಬೊರೇಟರ್ ಒಂದು ಮಳೆಗಾಲ ಹಾಗೇ ಇಟ್ಟದ್ದಕ್ಕೆ ಬಿಳಿ ಹಿಟ್ಟು ಕಟ್ಟಿತ್ತು. ಅಂದಿನಿಂದ ಕೆಲಸ ಮುಗಿದ ದಿನವೇ ಟ್ಯಾಂಕ್ ಖಾಲಿ ಮಾಡಿ, ಸ್ಟಾರ್ಟ್ ಮಾಡಿ, ತಾನೇ ನಿಲ್ಲುವವರೆಗೆ ಓಡಿಸಿ ಇಡುತ್ತೇನೆ. ಒಂದು ಲೀಟರಿಗಿಂತ ಜಾಸ್ತಿ ಬೆರೆಸಿ ಇಡುವುದಿಲ್ಲ. ಹೊಸ ಪಿಸ್ಟನ್ನಿಗೆ ಮೊದಲ ಕೆಲವು ಟ್ಯಾಂಕ್ ಲೀಟರಿಗೆ 25 ಎಂಎಲ್ ಆಯಿಲ್ ಹಾಕಿ, ಅಂದರೆ 1ಕ್ಕೆ 40. ಮತ್ತೆ ದಯವಿಟ್ಟು ಕ್ಯಾನಿಗೆ ಕೆಂಪು ಬಟ್ಟೆ ಕಟ್ಟಿ!

ಹಲಸು ಕೊಯ್ಯುವಾಗ ಮೇಣ ಬಾರಿನ ಸಂದಿಯಲ್ಲಿ ತುಂಬಿ ಚೈನ್ ಬಿಗಿಯುತ್ತದೆ. ನಾಲ್ಕೈದು ಕೊಯ್ತಕ್ಕೊಮ್ಮೆ ನಿಲ್ಲಿಸಿ ತೆಂಗಿನ ಎಣ್ಣೆ ಹಾಕಿ ಒರೆಸಿ. ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಹಚ್ಚಿಕೊಳ್ಳುವುದಿಲ್ಲವೇ, ಅದೇ ವಿದ್ಯೆ. ಚೈನಿಗೆ ಎಂಜಿನ್ನಿನಿಂದ ತೆಗೆದ ಕರಿ ಆಯಿಲ್ ಹಾಕಬೇಡಿ, ಅದರಲ್ಲಿರುವ ಲೋಹದ ಪುಡಿ ಪಂಪ್ ತಿನ್ನುತ್ತದೆ.

ಕೊನೆಗೆ, ಚೈನ್ ಬ್ರೇಕ್ ಕೆಲಸ ಮಾಡುತ್ತದಾ? ನೀವು ಅದರ ಮಾತೇ ಎತ್ತಲಿಲ್ಲ. ಹೊಲಿದ ಕವರ್ ಇರಲಿ, ಚೆಂದ. ಹೊಲಿದ ಬ್ರೇಕ್ ಬೇಡ. ಬಾರಿನ ಮೂಗಿನ ಮೇಲ್ಭಾಗ ಮರಕ್ಕೆ ತಾಗಿದರೆ ಮಷಿನ್ ಮುಖಕ್ಕೇ ಬರುತ್ತದೆ. 61 ಸಿಸಿಗೇ ತಡೆಯಲು ಟೈಮ್ ಸಿಗುವುದಿಲ್ಲ, 72ಕ್ಕೆ ಕೇಳಬೇಡಿ.


ಬನವಾಸಿ ರೋಡ್, ಶಿರಸಿ:

ಒಂದು ಸಣ್ಣ ವಿಷಯ. ಮರ ಅಂಗಳದ ಕೆಳಗೆ ಎಂದಿರಿ. ಮಾಲ್ಕಿ ಜಾಗವೋ, ಸೊಪ್ಪಿನ ಬೆಟ್ಟವೋ? ಬೆಟ್ಟದಲ್ಲಿ ನಮಗಿರುವುದು ಸೊಪ್ಪು, ದರಕಿನ ಸವಲತ್ತು, ಮರ ನಮ್ಮದಲ್ಲ. ಮಾಲ್ಕಿಯಾದರೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಬಿದ್ದ ಮರವೇ ಇರಲಿ, ಬೇರು ಎದ್ದಿರುವ ಫೋಟೊ ತೆಗೆದಿಟ್ಟು ಅರಣ್ಯ ಆಫೀಸಿಗೆ ಒಂದು ಅರ್ಜಿ ಕೊಟ್ಟು ಆಮೇಲೆ ಕೊಯ್ಯಿರಿ.


ಬೆಟ್ಟದಂಚಿನವ, ಶಿರಸಿ:

ಮಾಲ್ಕಿ ಜಾಗವೇ. ಅರ್ಜಿ ಕೊಟ್ಟಾಯಿತು, ಬಂದು ನೋಡಿಯೂ ಹೋದರು. ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವುದರಲ್ಲಿ ದಿನ ಹೋಯಿತು.

ಎಮ್ಮೆ ಎದ್ದಿದೆ.

ಕಿಟ್ ಬಂತು. ಪೋರ್ಟಿನ ಅಂಚು ತಡವಿದೆ, ಒಂದು ಕಡೆ ಉಗುರು ಸಿಕ್ಕಿಕೊಂಡೇಬಿಟ್ಟಿತು. ಅರ್ಧ ದಿನ ಎಮರಿ ಹಿಡಿದು ಕೂತೆ. ಬೇರಿಂಗ್ ಫ್ರೀಜರಿನಲ್ಲಿ ಮಾವಿನ ರಸದ ಡಬ್ಬಿ ಪಕ್ಕ ಮಲಗಿತ್ತು. ಬೆಳಿಗ್ಗೆ ಟಕ್ ಎಂದಿತು. ಹೌದು, ಕೇಳಲು ಹಿತ.

ಪಿಸ್ಟನ್ ತಲೆಗೂ ಸಿಲಿಂಡರ್ ತಲೆಗೂ ನಡುವೆ ಎಷ್ಟು ಜಾಗ ಉಳಿಯುತ್ತದೆ ಎಂದು ಬೆಸುಗೆ ತಂತಿಯಲ್ಲಿ ಅಳೆದೆ. ಪ್ಲಗ್ ತೂತಿನಿಂದ ತಂತಿ ಒಳಗೆ ಬಿಟ್ಟು, ಗೋಡೆಗೆ ತಾಗಿಸಿ, ಮ್ಯಾಗ್ನೆಟ್ ಚಕ್ರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸುವುದು. ತಂತಿಯ ತುದಿ ಅವಲಕ್ಕಿಯ ಹಾಗೆ ಚಪ್ಪಟೆಯಾಗಿ ಬರುತ್ತದೆ. ಸಿಲಿಂಡರಿನ ಬುಡಕ್ಕೆ ಪ್ಯಾಕಿಂಗ್ ಹಾಕಿ ಅಳೆದರೆ 0.95 ಮಿಮೀ. ಪ್ಯಾಕಿಂಗ್ ತೆಗೆದರೆ 0.55. ಎಡಕ್ಕೂ ಬಲಕ್ಕೂ ಅಷ್ಟೇ ಬಂತು. ಪ್ಯಾಕಿಂಗ್ ಬಿಟ್ಟು ತೆಳ್ಳಗೆ ಸೀಲಂಟ್ ಹಚ್ಚಿ ಕೂರಿಸಿದೆ. ಈಗ ಹಗ್ಗ ಎಳೆದರೆ ಬೈನೆ ಗೂಟ ಕೈಯಿಂದ ಕಿತ್ತುಕೊಳ್ಳುತ್ತದೆ. ಮೊದಲ ದಿನ ಹೆಬ್ಬೆರಳು ಊದಿತ್ತು.

ಗಾಳಿ ಪರೀಕ್ಷೆಯಲ್ಲಿ ಮುಳ್ಳು ಇಳಿಯಿತು. ನೊರೆ ಹಚ್ಚಿದರೆ ಮ್ಯಾಗ್ನೆಟ್ ಕಡೆಯ ಸೀಲಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ. ಹೊಸ ಸೀಲ್! ಕೂರಿಸುವಾಗ ಅಂಚು ಮಡಚಿದ್ದೆ. ಇನ್ನೊಂದು ತಂದು ಗ್ರೀಸ್ ಹಚ್ಚಿ ಕೂರಿಸಿದ ಮೇಲೆ ಮುಳ್ಳು ನಿಂತಿತು. ಅಷ್ಟರಲ್ಲಿ ಅಪ್ಪಯ್ಯ ಬಂದ. ಬಿಪಿ ಮಷಿನ್ ಚೈನ್ ಸಾಗೆ ಕಟ್ಟಿದ್ದು ನೋಡಿ, 'ಎಷ್ಟಿದ್ದೋ ಅದಕ್ಕೆ?' ಎಂದ. ಬೈಯಲಿಲ್ಲ.

ಯಲ್ಲಾಪುರದ ಅಕ್ಕ, ನಿಮ್ಮ ಮಾತು ಕೇಳಿದ್ದು ಒಳ್ಳೆಯದಾಯಿತು. ಬ್ರೇಕ್ ಬಿಚ್ಚಿ ನೋಡಿದರೆ ಒಳಗಿನ ಪಟ್ಟಿ ಒಂದು ಕಡೆ ಕಾಗದದಷ್ಟು ಸವೆದಿತ್ತು. ಹೊಸ ಪಟ್ಟಿ ಹಾಕಿದೆ. ಅಲುಗಾಟ ತಡೆಯುವ ರಬ್ಬರ್ ಬುಷ್ಷುಗಳನ್ನೂ ಬದಲಿಸಿದೆ. ಕೆಂಪು ಬಟ್ಟೆ ಕಟ್ಟಿಲ್ಲ, ಕ್ಯಾನನ್ನೇ ಕೆಂಪು ತಂದೆ.

ಕಾರ್ಬೊರೇಟರ್ ಹೊಂದಿಸುವುದು ಮಾತ್ರ ಸಂಜೆಯವರೆಗೆ ಹಿಡಿಯಿತು. ಸ್ಕ್ರೂ ಬಿಗಿಯಾಗಿದ್ದಾಗ ಮಳೆಗಾಲಕ್ಕೆ ಮೊದಲು ಜೀರುಂಡೆ ಕೂಗುವ ಹಾಗೆ ಒಂದೇ ಸಮ ಚೀರುತ್ತಿತ್ತು. ಹೆದರಿ ಎಚ್ ಸ್ಕ್ರೂ ಸ್ವಲ್ಪ ಸ್ವಲ್ಪವೇ ತೆರೆದೆ. ಖಾಲಿ ಓಡುವಾಗ ತೊದಲಬೇಕು, ಮರಕ್ಕೆ ಇಟ್ಟ ಕೂಡಲೇ ತೊದಲು ಹೋಗಬೇಕು. ಆ ಜಾಗ ಸಿಕ್ಕಿದಾಗ ಗೊತ್ತಾಗುತ್ತದೆ.

ನಿನ್ನೆ ಹಲಸು ಕೊಯ್ದೆ. 24 ಇಂಚಿನ ಬಾರ್ ಮೂಗಿನವರೆಗೆ ಮುಳುಗಿತ್ತು, ಎಂಜಿನ್ ಸದ್ದು ಇಳಿಯಲಿಲ್ಲ. ಪುಡಿ ಅಲ್ಲ, ಹಳದಿ ಸಿಪ್ಪೆ ಸಿಪ್ಪೆಯಾಗಿ ಪಾದದ ಮೇಲೆ ಬೀಳುತ್ತಿತ್ತು. ಎರಡು ಕಡೆಯಿಂದ ಕೊಯ್ದು ಮೂರು ತುಂಡು ಮಾಡಿದೆ. ತೆಂಗಿನ ಎಣ್ಣೆ ಅರ್ಧ ಬಾಟಲಿ ಹೋಯಿತು, ಆಯಿ ಕೇಳುತ್ತಿದ್ದಾಳೆ.

ಸಪ್ಪಳ ಕೇಳಿ ಪಕ್ಕದ ಮನೆಯವರು ಬೇಲಿ ದಾಟಿ ಬಂದರು. ಮರ ನೋಡಿದರು, ಮಷಿನ್ ನೋಡಿದರು, ಹೊಲಿಗೆ ನೋಡಿದರು. 'ಇದರಲ್ಲಿ ಎಂತಕ್ಕೆ ಒದ್ದಾಡ್ತೆ ಮಾರಾಯ? ನಮ್ಮನೆ ಮಷಿನ್ ಒಯ್ಯಿ' ಎಂದರು.


ಬಂದರು ಮೆಕ್ಯಾನಿಕ್, ಕಾರವಾರ:

ಒಯ್ಯಬೇಡ, ವಾಪಸ್ ಕೊಡುವಾಗ ಚೈನ್ ಅರೆದು ಕೊಡಬೇಕಾಗುತ್ತದೆ. ಐದು ಟ್ಯಾಂಕ್ ಓಡಿದ ಮೇಲೆ, ಮಷಿನ್ ಪೂರ್ತಿ ತಣ್ಣಗಾದಾಗ, ಸಿಲಿಂಡರಿನ ನಾಲ್ಕು ಬೋಲ್ಟ್ ಮತ್ತು ಸೈಲೆನ್ಸರ್ ಬೋಲ್ಟ್ ಇನ್ನೊಮ್ಮೆ ಬಿಗಿಮಾಡು. ಪ್ಲಗ್ ತೆಗೆದು ಫೋಟೊ ಹಾಕು. ಕಾಫಿ ಪುಡಿ ಬಣ್ಣ ಇದ್ದರೆ ಸರಿ. ಬೆಳ್ಳಗಿದ್ದರೆ ಇನ್ನು ಓಡಿಸಬೇಡ, ಮೊದಲು ನನಗೆ ಹೇಳು.